ಅಕ್ಕನ ಮನೆಯ ಗೊಟ್ಟ

ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಕೊಳ್ಳುವವರು ಬೆಲೆ ಕೇಳುವ ಮೊದಲು ಅದರ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತುದಿ ಹಳೆಯ ಇಟ್ಟಿಗೆಯ ಬಣ್ಣಕ್ಕಿದ್ದರೆ ಇಂಜಿನ್ನು ಗಟ್ಟಿಯಾಗಿದೆ. ಎಣ್ಣೆ ಮೆತ್ತಿಕೊಂಡು ಕರ್ರಗಿದ್ದರೆ ಒಳಗೆ ಸವೆದಿದೆ. ಹಾಗಿದ್ದರೂ ಕೊಳ್ಳಬಾರದೆಂದೇನಿಲ್ಲ. ಆ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು, ಮಾರುವವನ ಮುಖದ ಮುಂದೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮಾತು ಶುರು ಮಾಡಬೇಕು.

ಹಾಸನದಲ್ಲಿದ್ದ ಒಬ್ಬ ಇಂಜಿನಿಯರ್ ದೊರೆ ತನ್ನ ದೇಶಕ್ಕೆ ಹೊರಟು ನಿಂತು ಬಂಗಲೆಯ ಸಾಮಾನೆಲ್ಲ ಹರಾಜಿಗೆ ಹಾಕಿದಾಗ ನಾನು ಮಾಡಿದ್ದು ಇದನ್ನೇ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಬಂದವರೆಲ್ಲ ಮಂಚ, ಕುರ್ಚಿ, ಗಾಜಿನ ದೀಪಗಳ ಸುತ್ತ ನೆರೆದಿದ್ದರು. ಹಿತ್ತಲ ಷೆಡ್ಡಿನಲ್ಲಿದ್ದ ಯಂತ್ರದ ಕಡೆ ಯಾರೂ ಸುಳಿಯಲಿಲ್ಲ. ಸುರುಳಿ ಸುತ್ತಿದ ಅಲಗುಗಳು, ಅವುಗಳ ಮೇಲೆ ಪುಟ್ಟ ಇಂಜಿನ್ನು, ಹಿಂದೆ ಕಬ್ಬಿಣದ ಉರುಳೆ, ಮುಂದೆ ಹುಲ್ಲು ಬೀಳುವ ತಗಡಿನ ಡಬ್ಬ, ಎರಡು ಕೈಯಲ್ಲಿ ಹಿಡಿಯುವಂಥ ಉದ್ದನೆಯ ಹಿಡಿ. ನಾನು ಅರಕಲಗೂಡಿನ ಸಂತೆಯಲ್ಲಿ ಹಗ್ಗ, ಗೋಣಿಚೀಲ ಮಾರುತ್ತಾ ವ್ಯಾಪಾರ ಕಲಿತವನು. ಯಾರಿಗೂ ಬೇಡದ ಸಾಮಾನು ಕಂಡರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಮಸಿಯ ಬೆರಳು ತೋರಿಸಿ, ದೊರೆಯ ಬಟ್ಲರನಿಗೆ ಬೇಸರ ಬರುವ ತನಕ ನಿಂತು, ಗಾಡಿಗೆ ಹಾಕಿಸಿಕೊಂಡು ಅಕ್ಕನ ಮನೆಗೆ ಬಂದೆ.

ಅಕ್ಕ ಹಾಸನದ ಊರಂಚಿನಲ್ಲಿದ್ದಳು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಸೌದೆ ಮಂಡಿಗೆ ಗಾಡಿ ಹೊಡೆಯುತ್ತಿದ್ದ. ಅಕ್ಕನಿಗೆ ಒಂದು ಎಮ್ಮೆಯಿತ್ತು. ನಾಲ್ಕಾರು ಮನೆಗೆ ದಿನವೂ ತಪ್ಪದೆ ವರ್ತನೆಗೆ ಹಾಲು ಹಾಕುತ್ತಿದ್ದಳು. ಆ ಮನೆ ನಡೆಯುತ್ತಿದ್ದುದು ಭಾವನ ಗಾಡಿಗಿಂತ ಹೆಚ್ಚಾಗಿ ಆ ಎಮ್ಮೆಯ ಮೇಲೆ. ನಾನು ಅವರ ಪಕ್ಕದಲ್ಲೇ ಒಂದು ಕೋಣೆ ಹಿಡಿದುಕೊಂಡಿದ್ದೆ. ಊಟ ಅಕ್ಕನ ಮನೆಯಲ್ಲಿ.

ಭಾವ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಏನಪ್ಪ ಬಾಮೈದ, ಇದೂ ಹುಲ್ಲು ತಿಂತದೆ ಅಂತೀಯ. ಹಾಲು ಎಷ್ಟು ಕರೀತದೆ?” ಎಂದ.

ಅಧಿಕಾರಿಗಳು ಟೆನಿಸ್ ಆಡುವ ಕ್ಲಬ್ಬೊಂದು ಊರಲ್ಲಿತ್ತು. ಅದರ ಹುಲ್ಲುಹಾಸನ್ನು ಯಂತ್ರದಿಂದ ಸವರಿಕೊಡುತ್ತೇನೆಂದು ಕಾರ್ಯದರ್ಶಿಯವರನ್ನು ಒಪ್ಪಿಸಿದೆ. ಒಪ್ಪಿಸುವಾಗ ಒಂದು ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಮನಸ್ಸಿನ ಹಿಂಬದಿಗೆ ತಳ್ಳಿದ್ದೆ. ಆ ಕಾಂಪೌಂಡಿನ ಹುಲ್ಲನ್ನು ಅಷ್ಟು ದಿನ ಕುಡುಗೋಲಿನಲ್ಲಿ ಕೊಯ್ಯುತ್ತಿದ್ದವರು ಅಕ್ಕ ಮತ್ತು ಅವಳ ಕೇರಿಯ ಹೆಂಗಸರು. ಕುಕ್ಕುರುಗಾಲಲ್ಲಿ ಸಾಲಾಗಿ ಕೂತು, ಹಿಂದಕ್ಕೆ ಸರಿಯುತ್ತಾ ಬುಡಮಟ್ಟಕ್ಕೆ ಕೊಯ್ದು ಹೊರೆ ಕಟ್ಟಿಕೊಂಡು ಹೋಗುತ್ತಿದ್ದರು. ಕ್ಲಬ್ಬಿನವರು ಕೂಲಿ ಕೊಡುತ್ತಿರಲಿಲ್ಲ, ಇವರು ಹುಲ್ಲಿಗೆ ದುಡ್ಡು ಕೊಡುತ್ತಿರಲಿಲ್ಲ. ನಡೆದುಕೊಂಡು ಬಂದದ್ದು ಹಾಗೆ.

ಮೊದಲ ಸಲ ನಾನು ಯಂತ್ರ ಓಡಿಸಿ ಮುಗಿಸುವ ಹೊತ್ತಿಗೆ ಅವರು ಹಗ್ಗ, ಕುಡುಗೋಲು ಹಿಡಿದು ಗೇಟಿನ ಬಳಿ ಬಂದರು. ನೆಲ ಚಾಪೆ ಹಾಸಿದಂತಿತ್ತು.

“ಯಾರ್ಲಾ ಕುಯ್ದೋರು ಇದನ್ನ?” ಎಂದಳು ಅಕ್ಕ.

“ನಾನೇ ಕಣಕ್ಕ. ಮಿಷನ್ನಲ್ಲಿ.”

“ಹುಲ್ಲೆಲ್ಲಿ?”

ಡಬ್ಬ ತೋರಿಸಿದೆ. ಅವಳು ಒಂದು ಹಿಡಿ ಎತ್ತಿಕೊಂಡು ನೋಡಿದಳು. “ಇದೇನ್ಲಾ, ಎಲೆಅಡಿಕೆ ಅಗ್ದು ಉಗ್ದಂಗೈತೆ.”

ಪಕ್ಕದ ಮನೆಯವಳು ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, “ನಿನ್ ತಮ್ಮ ಸಾವ್ಕಾರ ಆಗ್ಬುಟ್ಟ ಕಣಮ್ಮಿ. ನಮ್ಗೆ ಕೆರೆ ಏರಿನೇ ಗತಿ,” ಎಂದಳು.

“ಅವ್ನೇನ್ ಮಾಡಾನು. ದುಡ್ಕೊಂಡ್ ತಿನ್ಬ್ಯಾಡ್ವಾ,” ಎಂದು ಅಕ್ಕ ನನ್ನ ಪರವಾಗಿ ಮಾತಾಡಿದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಉತ್ತರ ನನ್ನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಅವಳು ಪರ ವಹಿಸಿದಾಗ ಚೈನಿನಲ್ಲಿ ಸಿಕ್ಕಿದ್ದ ಹುಲ್ಲನ್ನು ಕೀಳುತ್ತಾ ಕೂತೆ. ಅವರು ಕೆರೆ ಏರಿಯ ಕಡೆ ಹೋದರು. ಅಲ್ಲಿಂದ ಅಕ್ಕ ಹೊರೆ ಹೊತ್ತು ಬರುವಷ್ಟರಲ್ಲಿ ಬಿಸಿಲೇರುತ್ತಿತ್ತು.

ಅವತ್ತಿನಿಂದ ಆ ಡಬ್ಬದ ಹುಲ್ಲನ್ನು ಅಕ್ಕನ ಮನೆಗೆ ತರಲು ಶುರು ಮಾಡಿದೆ. ಬೇರೇನೂ ಅಲ್ಲ, ನನ್ನ ಮನಸ್ಸಿನ ಸಮಾಧಾನಕ್ಕೆ. ಎಮ್ಮೆ ಮೂಸಿ ನೋಡಿ, ಮೂಗಿನಿಂದ ಬುಸ್ಸೆಂದು ಊದಿ, ಮುಖ ತಿರುಗಿಸಿತು. ಹುಲ್ಲಿಗೆ ಪೆಟ್ರೋಲಿನ ವಾಸನೆಯಿತ್ತು. ಬೂಸಾ ಕಲಸಿ ಹಾಕಿದರೂ ಬೂಸಾ ನೆಕ್ಕಿ ಹುಲ್ಲನ್ನು ಬಿಟ್ಟಿತು.

ಯಂತ್ರವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದನ್ನು ನಾನು ಕಲಿತದ್ದು ಆ ಎಮ್ಮೆಯ ಮೂಗಿನಿಂದ. ಬಸ್ ನಿಲ್ದಾಣದ ಬಳಿಯ ರಿಪೇರಿಯವನು ಒಂದಷ್ಟು ಹೇಳಿಕೊಟ್ಟಿದ್ದ, ನಿಜ. ಆದರೆ ಸರಿಯಾಯಿತೋ ಇಲ್ಲವೋ ಎಂದು ಪ್ರತಿ ಸಲವೂ ತಪ್ಪದೆ ಹೇಳುತ್ತಿದ್ದುದು ಎಮ್ಮೆ. ಇವತ್ತು ಇಂಥ ಯಂತ್ರ ಇಟ್ಟುಕೊಂಡವರಿಗೂ ನಾನು ಹೇಳುವುದು ಅದನ್ನೇ. ಹುಲ್ಲಿನ ಮೇಲೆ ನಿಲ್ಲಿಸಿ ಪೆಟ್ರೋಲ್ ಹಾಕಬೇಡಿ. ಜಲ್ಲಿಯ ದಾರಿಗೆ ತಳ್ಳಿಕೊಂಡು ಹೋಗಿ, ಇಂಜಿನ್ನು ತಣ್ಣಗಾದ ಮೇಲೆ, ಬಟ್ಟೆಯಲ್ಲಿ ಸೋಸಿ ಹಾಕಿ. ತುಳುಕಿದ್ದನ್ನು ಒರೆಸಿಯೇ ಮುಂದಿನ ಕೆಲಸ. ಚೈನಿಗೆ ಎಣ್ಣೆ ಹನಿಯಷ್ಟೇ ಸಾಕು, ಜಾಸ್ತಿಯಾದದ್ದು ತಿರುಗುವಾಗ ಹುಲ್ಲಿಗೇ ಸಿಡಿಯುತ್ತದೆ. ಇಂಜಿನ್ನಿನ ಮೈಮೇಲಿನ ಏಣುಗಳ ನಡುವೆ ಹುಲ್ಲಿನ ಪುಡಿ ಕೂತರೆ ಅದಕ್ಕೆ ಗಾಳಿಯಾಡದೆ ಕಾಯುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಕೆದಕಿ ತೆಗೆಯಿರಿ. ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿ, ಅದರ ಸಂದಿನಲ್ಲಿ ಅಂಚೆ ಕಾರ್ಡಿನ ಅಂಚು ಬಿಗಿಯಾಗಿ ಓಡಾಡುವಂತೆ ತುದಿಯನ್ನು ತಟ್ಟಿ ಸರಿಮಾಡಿ. ಹಳೆ ಎಣ್ಣೆಯನ್ನು ಬಸಿಯುವುದಿದ್ದರೆ ಇಂಜಿನ್ನು ಬೆಚ್ಚಗಿರುವಾಗಲೇ ಬಸಿಯಿರಿ, ಕೊಳೆಯೆಲ್ಲ ಜೊತೆಗೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅಲಗು. ಅಲಗಿಗೂ ಕೆಳಗಿನ ಪಟ್ಟಿಗೂ ನಡುವೆ ತೆಳು ಕಾಗದ ಹಿಡಿದು ಕೈಯಿಂದ ತಿರುಗಿಸಿದರೆ ಅದು ಕತ್ತರಿಯಲ್ಲಿ ಕತ್ತರಿಸಿದಂತೆ ಬೀಳಬೇಕು. ಮೊಂಡಾದ ಅಲಗು ಹುಲ್ಲನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಹುಲ್ಲು ರಸ ಬಿಟ್ಟು ಬೇಗ ಕೆಡುತ್ತದೆ.

ಇಷ್ಟೆಲ್ಲ ಮಾಡಿ ತಂದು ಹಾಕಿದ ದಿನ ಎಮ್ಮೆ ಮೂಸಿ, ಒಂದು ಗಳಿಗೆ ಯೋಚಿಸಿ, ತಿಂದಿತು. ಅಕ್ಕ ನಕ್ಕು, “ಪಾಸಾದೆ ಕಣ್ಲಾ,” ಎಂದಳು. ಮಳೆಗಾಲ ಮುಗಿದು ದೀಪಾವಳಿ ಬರುವ ತನಕ ನಾನು ಸ್ವಲ್ಪ ಹಗುರವಾಗಿದ್ದೆ.

ಇನ್ನು ಗೊಟ್ಟದ ವಿಷಯ. ಈಗಿನವರು ನೋಡಿರಲಾರರು. ಮೊಳದುದ್ದದ ಬಿದಿರಿನ ಕೊಳವೆ. ಒಂದು ತುದಿ ಗೆಣ್ಣಿನಿಂದ ಮುಚ್ಚಿರುತ್ತದೆ, ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು ಅಂಚನ್ನು ನುಣುಪು ಮಾಡಿರುತ್ತಾರೆ. ದನಕ್ಕೆ ಔಷಧಿಯನ್ನೋ ಎಣ್ಣೆಯನ್ನೋ ಕುಡಿಸಬೇಕಾದರೆ ಅದಕ್ಕೆ ತುಂಬಿ, ತಲೆ ಎತ್ತಿಸಿ, ಬಾಯ ಓರೆಯಲ್ಲಿ ತೂರಿಸಿ ಹೊಯ್ಯುತ್ತಾರೆ. ಅಕ್ಕನ ಗೊಟ್ಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಎಷ್ಟು ಕಾಲದಿಂದಲೋ ಎಣ್ಣೆ ಕುಡಿದು ಕಂದು ಬಣ್ಣಕ್ಕೆ ಬಂದು ಹೊಳೆಯುತ್ತಿತ್ತು.

ನನ್ನ ಯಂತ್ರದ ಎಣ್ಣೆ ಹಾಕುವ ತೂತು ಚೈನಿನ ಮರೆಗೆ, ಒಂದು ಮೂಲೆಯಲ್ಲಿತ್ತು. ಡಬ್ಬದಿಂದ ಹೊಯ್ದರೆ ಅರ್ಧ ಹೊರಗೆ ಹೋಗುತ್ತಿತ್ತು. ತಗಡಿನ ಕೆಲಸದವನನ್ನು ಕೇಳಿದ್ದಕ್ಕೆ ಸೊಟ್ಟ ಮೂತಿಯ ಲಾಳಿಕೆ ಮಾಡಿಕೊಡುತ್ತೇನೆಂದು ಬೆಲೆ ಹೇಳಿದ. ಒಂದು ಲಾಳಿಕೆಗೆ ಅಷ್ಟೇಕೆ ಎನ್ನಿಸಿತು. ಅವನೂ ಇಳಿಯಲಿಲ್ಲ, ನಾನೂ ಏರಲಿಲ್ಲ. ಮನೆಗೆ ಬಂದು ಸೂರು ನೋಡಿದೆ. ಗೊಟ್ಟದ ಓರೆ ಬಾಯಿ ಆ ತೂತಿಗೆ ಹೇಳಿ ಮಾಡಿಸಿದಂತೆ ಕೂತಿತು. ಕೆಲಸ ಮುಗಿದ ಮೇಲೆ ಚಿಂದಿಯಿಂದ ಒರೆಸಿ, ಇದ್ದ ಜಾಗಕ್ಕೇ ಸಿಕ್ಕಿಸಿದೆ. ಎಣ್ಣೆಯ ಗೊಟ್ಟಕ್ಕೆ ಎಣ್ಣೆ ತಾನೆ ಎಂದುಕೊಂಡೆ. ಲಾಳಿಕೆಯ ದುಡ್ಡು ಉಳಿಸಿದ ಖುಷಿಯಲ್ಲಿ ಅಕ್ಕನಿಗೆ ಹೇಳಲೂ ಇಲ್ಲ.

ಆ ಹೊತ್ತಿಗೆ ನನ್ನ ಯಂತ್ರದ ಸುದ್ದಿ ಹಾಸನ ದಾಟಿತ್ತು. ಯಾರಾದರೂ ದೊಡ್ಡ ಅಧಿಕಾರಿ ಬರುತ್ತಾರೆಂದರೆ ಚನ್ನರಾಯಪಟ್ಟಣದ ಸರ್ಕಾರಿ ಬಂಗಲೆಯಿಂದ ಹೇಳಿಕಳಿಸುತ್ತಿದ್ದರು, ಹೊಳೆನರಸೀಪುರದಿಂದ ಹೇಳಿಕಳಿಸುತ್ತಿದ್ದರು. ಯಂತ್ರವನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಬಸ್ಸಿಗೆ ಏರಿಸುವ ಮುಂಚೆ ಟ್ಯಾಂಕ್ ಖಾಲಿ ಮಾಡಬೇಕು, ಮರೆಯಬೇಡಿ.

ಒಂದು ದಿನ ಬೆಳಿಗ್ಗೆ ಹೊಳೆನರಸೀಪುರದ ಬಂಗಲೆಯ ಅಂಗಳ ಸವರಿದೆ. ಹೊಳೆಯ ತೇವಕ್ಕೆ ಹುಲ್ಲು ಸೊಂಪಾಗಿ ಬೆಳೆದಿತ್ತು. ಡಬ್ಬ ತುಂಬಿ ತುಂಬಿ ಸುರಿದೆ. ರಾಶಿ ನೋಡಿ ಅಕ್ಕನ ನೆನಪಾಯಿತು. ಅವಳಿಂದ ಕಿತ್ತುಕೊಂಡ ಹುಲ್ಲಿಗೆಲ್ಲ ಇವತ್ತು ಸರಿಹೋಯಿತು ಎಂದುಕೊಂಡು, ಗೋಣಿಚೀಲಕ್ಕೆ ತುಂಬಿ, ಕಾಲಲ್ಲಿ ತುಳಿದು ಅದುಮಿ, ಮತ್ತಷ್ಟು ತುಂಬಿ, ಬಾಯಿ ಹೊಲಿದೆ. ಚೀಲ ತುಂಬುವುದು ನನ್ನ ಹಳೆಯ ಕಸುಬು. ಮಧ್ಯಾಹ್ನದ ಬಸ್ಸಿನ ಮೇಲೆ ಬಿಸಿಲಲ್ಲಿ ಅದು ಯಂತ್ರದ ಜೊತೆ ಹಾಸನಕ್ಕೆ ಬಂತು.

ಅಕ್ಕ ಚೀಲ ಬಿಚ್ಚಿ ಕೈ ಇಟ್ಟಳು. ಒಂದು ಕ್ಷಣ ತಡೆದಳು. ನನ್ನ ಮುಖ ನೋಡಿದಳು. ಆಮೇಲೆ ಬಿದಿರಿನ ಮಂಕರಿಗೆ ಸುರಿದು ಎಮ್ಮೆಯ ಮುಂದಿಟ್ಟಳು. ಎಮ್ಮೆ ತಿಂದಿತು, ವಾಸನೆಯಿರಲಿಲ್ಲವಲ್ಲ. ನಾನು ಹೆಮ್ಮೆಯಿಂದ ನೋಡುತ್ತಾ ಕಾಫಿ ಕುಡಿದೆ.

ಭಾವ ಗಾಡಿ ಬಿಟ್ಟು ಬರುವ ಹೊತ್ತಿಗೆ ಎಮ್ಮೆ ಮೆಲುಕು ನಿಲ್ಲಿಸಿತ್ತು. ಎಡಗಡೆಯ ಹೊಟ್ಟೆ ಡೋಲಿನಂತೆ ಬಿಗಿದು ಬೆನ್ನಿಗಿಂತ ಮೇಲೆದ್ದಿತ್ತು. ಕಾಲು ಬಡಿಯುತ್ತಿತ್ತು, ಉಸಿರು ಗೊರ ಗೊರ ಎನ್ನುತ್ತಿತ್ತು. ಹೊಟ್ಟೆಯುಬ್ಬರ. ತಡವಾದರೆ ದನ ಉಳಿಯುವುದಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು.

ಅಕ್ಕ ಇಂಗು, ಓಮ ಅರೆದು ಎಳ್ಳೆಣ್ಣೆಗೆ ಕಲಸಿ ಗೊಟ್ಟಕ್ಕೆ ತುಂಬಿದಳು. ಭಾವ ತಲೆ ಎತ್ತಿ ಹಿಡಿದ. ಎಷ್ಟೋ ಸಲ ಆ ಗೊಟ್ಟದಿಂದ ಮಗುವಿನಂತೆ ಕುಡಿದಿದ್ದ ಎಮ್ಮೆ ಅವತ್ತು ಹಲ್ಲು ಕಚ್ಚಿ ತಲೆ ಒದರಿತು. ಎಣ್ಣೆಯೆಲ್ಲ ನೆಲಕ್ಕೆ. ಎರಡನೆಯ ಸಲವೂ ಹಾಗೇ ಆಯಿತು. ಅಕ್ಕ ಗೊಟ್ಟವನ್ನು ಮೂಗಿನ ಹತ್ತಿರ ಹಿಡಿದಳು.

“ಇದ್ರೊಳ್ಗೆ ಏನ್ ಉಯ್ದಿದ್ಲಾ?”

“ಮಿಷನ್ನೆಣ್ಣೆ ಕಣಕ್ಕ.”

ಅವಳು ಗೊಟ್ಟವನ್ನು ಗೋಡೆಯ ಪಕ್ಕಕ್ಕಿಟ್ಟು ಭಾವನಿಗೆ, “ಸೂರಿಂದ ಒಂದು ಬಿದ್ರು ಎಳ್ಕೊಂಡು ಬ್ಯಾರೆ ಕುಯ್ರಿ, ಬಿರ್ನೆ,” ಎಂದಳು. ನನಗೆ, “ಎಣ್ಣೆ ಮುಗ್ದೋಯ್ತು. ಪಕ್ಕದ್ ಮನೇಲಿ ಈಸ್ಕೊಂಬಾ ಓಗು,” ಎಂದಳು.

ಪಕ್ಕದ ಮನೆ ಎಂದರೆ ಕೆರೆ ಏರಿಯ ಮಾತಾಡಿದ್ದಳಲ್ಲ, ಅವಳ ಮನೆ. ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಯಾವ ಹುಲ್ಲು ಎಂದು ಅವಳು ಕೇಳುತ್ತಾಳೆ ಎಂದು ಹೆದರಿದ್ದೆ. ಕೇಳಲಿಲ್ಲ. ಒಳಗೆ ಹೋಗಿ ಎಣ್ಣೆಯ ಗಿಂಡಿಯನ್ನೇ ತಂದು ಕೈಗಿಟ್ಟು, “ಗಿಂಡಿ ಆಮ್ಯಾಕೆ ಕೊಡೀವಂತೆ, ಓಡು,” ಎಂದಳು.

ನಾನು ಹಿಂದಿರುಗುವಷ್ಟರಲ್ಲಿ ಅಕ್ಕ ಎಮ್ಮೆಯ ಬಾಯಿಗೆ ಅಡ್ಡಲಾಗಿ ಬೇವಿನ ಕಡ್ಡಿ ಇಟ್ಟು ಕೊಂಬಿಗೆ ಕಟ್ಟಿದ್ದಳು. ಅದನ್ನು ಅಗಿಯುತ್ತಾ ಎಮ್ಮೆ ಜೊಲ್ಲು ಸುರಿಸುತ್ತಿತ್ತು. ಮುಂಗಾಲು ದಿಣ್ಣೆಯ ಮೇಲೆ ಬರುವಂತೆ ನಿಲ್ಲಿಸಿದ್ದಳು. ನನ್ನ ಕೈಗೆ ಒಣಹುಲ್ಲಿನ ಹಿಡಿ ಕೊಟ್ಟು ಹೊಟ್ಟೆ ಉಜ್ಜು ಎಂದಳು. ಉಜ್ಜಿದೆ. ಚರ್ಮದ ಕೆಳಗೆ ಗಾಳಿ ಬಿಗಿದುಕೊಂಡಿದ್ದು ಅಂಗೈಗೆ ತಿಳಿಯುತ್ತಿತ್ತು. ಆ ಗಾಳಿ ನನ್ನ ಚೀಲದಿಂದ ಬಂದದ್ದು. ಭಾವನ ಮಚ್ಚು ಬಿದಿರನ್ನು ಕಡಿಯುವ ಸದ್ದು ಕೇಳುತ್ತಾ, ಬೇಗ, ಬೇಗ ಎಂದು ಮನಸ್ಸಿನಲ್ಲೇ ಅನ್ನುತ್ತಾ ಉಜ್ಜಿದೆ.

ಆಗಷ್ಟೇ ಕೊಯ್ದ ಹೊಸ ಗೊಟ್ಟದಲ್ಲಿ ಎಣ್ಣೆ ಹೋಯಿತು. ಎಮ್ಮೆ ಗುಟುಕರಿಸಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕತ್ತು ಚಾಚಿ ದೊಡ್ಡದೊಂದು ತೇಗು ತೇಗಿತು. ಹುಳಿ ಹುಲ್ಲಿನ ನಾತ ಕೊಟ್ಟಿಗೆ ತುಂಬಿತು. ಮತ್ತೊಂದು. ಹೊಟ್ಟೆ ಇಳಿಯತೊಡಗಿತು. ಅಕ್ಕ ಅದರ ಹಣೆಗೆ ತನ್ನ ಹಣೆ ಆನಿಸಿ ನಿಂತುಬಿಟ್ಟಳು.

“ತಪ್ಪು ನಂದು ಕಣಕ್ಕ,” ಎಂದೆ.

“ನಿಂದೇನ್ಲಾ? ಕೈ ಇಟ್ಟಾಗ್ಲೇ ಗೊತ್ತಾಯ್ತು ನಂಗೆ, ಹುಲ್ಲು ಬೆಂದಂಗೆ ಕಾದೈತೆ ಅಂತ. ಗೊತ್ತಿದ್ದೂ ಆಕ್ದೆ.”

“ಯಾಕ್ ಆಕ್ದೆ ಮತ್ತೆ?”

“ನೀನು ಅಷ್ಟ್ ದೂರದಿಂದ ಒತ್ಕೊಂಬಂದಿದ್ದೆ. ಬ್ಯಾಡ ಅಂದ್ರೆ ಮೊಕ ಸಣ್ಣಗ್ ಮಾಡ್ಕಂತಿದ್ದೆ.”

“ಹುಲ್ಲು ತಂದೋನು ನಾನು. ತುಳ್ದು ತುಂಬ್ದೋನು ನಾನು. ಗೊಟ್ಟ ಕೆಡ್ಸ್ದೋನೂ ನಾನೇ.”

“ಎಮ್ಮೆ ಯಾರ್ದು?”

“ನಿಂದು.”

“ಅಷ್ಟೇಯ. ಅದು ನನ್ನ ನಂಬ್ಕಂಡು ಬಾಯಿ ಆಕ್ತು, ನಿನ್ನನ್ನಲ್ಲ.”

“ಓಗ್ಲಿ, ಅರ್ಧ ಅರ್ಧ ಮಾಡ್ಕಳಾವ,” ಎಂದೆ. ಸಂತೆಯ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

ಭಾವ ಮಚ್ಚು ಒರೆಸುತ್ತಾ, “ಏನ್ ಸಂತೆ ಕಟ್ಟಿದ್ದೀರಿ ಅಕ್ಕ ತಮ್ಮ? ಯಾರಾದ್ರೂ ಕೊಂಡ್ಕಳಿ ಅತ್ಲಾಗೆ. ಮೊದ್ಲು ಅದ್ಕೆ ಬಿಸ್ನೀರು ಕಾಯ್ಸಿ,” ಎಂದ.

ಅಕ್ಕ ಅರ್ಧಕ್ಕೂ ಒಪ್ಪಲಿಲ್ಲ. ಎಂಥೆಂಥ ಜಿಪುಣರನ್ನು ಜಗ್ಗಿಸಿದವನು ನಾನು. ನನ್ನ ತಪ್ಪನ್ನು ಅವಳ ಕೈಯಿಂದ ಬಿಡಿಸಿ ನನ್ನದೇ ಮಾಡಿಕೊಳ್ಳಲು ಮಾತ್ರ ಆಗಲಿಲ್ಲ.

ಎಮ್ಮೆ ಉಳಿಯಿತು. ಹಾಲು ಮಾತ್ರ ಕೈಗೆ ಹತ್ತದಷ್ಟು ಇಳಿದುಹೋಯಿತು. ವರ್ತನೆಯ ಮನೆಗಳಿಗೆ ಪಕ್ಕದ ಮನೆಯವಳ ಹಾಲನ್ನು ತಂದು ಹಂಚಿ ಅಕ್ಕ ಹೇಗೋ ಹೆಸರು ಉಳಿಸಿಕೊಂಡಳು. ನಷ್ಟ ನಾನು ತುಂಬಿಕೊಡುತ್ತೇನೆಂದರೆ ಕೇಳಿಸದವಳಂತೆ ಸಾರಿಗೆ ಉಪ್ಪು ಹಾಕಿದಳು. ಒಂದು ಬೆಳಿಗ್ಗೆ ಹಳೆಯ ಗೊಟ್ಟವನ್ನು ನನ್ನ ಕೋಣೆಯ ಬಾಗಿಲಿಗೆ ತಂದು, “ಬೂದಿ ಆಕಿ ಉಜ್ಜಿ ಬಿಸ್ಲಿಗಿಟ್ಟೆ. ವಾಸ್ನೆ ಓಗ್ಲಿಲ್ಲ. ಇನ್ಮ್ಯಾಕೆ ಇದು ಮಿಷನ್ನಿಂದೇ, ಮಡಿಕ,” ಎಂದಳು. ಕೋಪದಿಂದಲ್ಲ. ಉಪಯೋಗಕ್ಕೆ ಬರುವವರ ಹತ್ತಿರ ಇರಲಿ ಎನ್ನುವಂತೆ.

ಮುಂದಿನ ಸಲ ಕ್ಲಬ್ಬಿನ ಕಾರ್ಯದರ್ಶಿಯವರ ಹತ್ತಿರ ಹೋಗಿ, ಗೋಡೆಯ ಬುಡದಲ್ಲಿ, ಮರಗಳ ಸುತ್ತ, ಇಳಿಜಾರಿನಲ್ಲಿ ಯಂತ್ರ ಓಡಿಸಲಾಗದು, ಕಲ್ಲಿಗೆ ತಾಗಿದರೆ ಅಲಗಿನ ಬಾಯಿ ಮುಕ್ಕಾಗುತ್ತದೆ ಎಂದೆ. ಅದು ಸುಳ್ಳಲ್ಲ, ಅಲಗಿನ ಮೇಲೆ ಆಸೆಯಿರುವವರು ಕಲ್ಲಿನ ಹತ್ತಿರ ಹೋಗಬಾರದು. ಗೋಡೆಯ ಬುಡ ಎಂದರೆ ಎಷ್ಟು ಎಂದು ತೋರಿಸುವಾಗ ಮಾತ್ರ ಕೈ ಸ್ವಲ್ಪ ಧಾರಾಳವಾಗಿ ಚಾಚಿದೆ. ಆ ಅಂಚಿನ ಹುಲ್ಲು ಹೆಂಗಸರಿಗೆ ಮರಳಿತು. ಕೆರೆ ಏರಿ ಪೂರ್ತಿ ತಪ್ಪಲಿಲ್ಲ, ಕಡಿಮೆಯಾಯಿತು. ನಾನು ನಡುವೆ ಓಡಿಸುತ್ತಿದ್ದೆ, ಅವರು ಸುತ್ತಲೂ ಕೂತು ಕೊಯ್ಯುತ್ತಿದ್ದರು. ಡಬ್ಬದ ಹುಲ್ಲನ್ನು ಗುಂಡಿಗೆ ಸುರಿದು ಗೊಬ್ಬರ ಮಾಡಿದೆ.

ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಆಯಿತು, ಬಸ್ಸುಗಳು ಪೆಟ್ರೋಲಿನ ಬದಲು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಿದವು, ಹುಲ್ಲು ಸವರಲು ಪೆಟ್ರೋಲ್ ಯಾರು ಕೊಡುತ್ತಾರೆ? ಕ್ಲಬ್ಬಿನ ಹುಲ್ಲೆಲ್ಲ ಮತ್ತೆ ಕುಡುಗೋಲಿಗೇ ಬಂತು. ಅಕ್ಕ ನಡುವಿನ ಹಾಸಿನ ಮೇಲೆ ಕೂತು ಕೊಯ್ಯುವುದನ್ನು ರಸ್ತೆಯಿಂದ ನೋಡಿದೆ. ಸಂತೋಷವಾಗಬೇಕಿತ್ತು. ಅವಳ ಹುಲ್ಲು ಅವಳಿಗೆ ಸಿಕ್ಕಿತು ನಿಜ, ಆದರೆ ಕೊಟ್ಟವನು ನಾನಲ್ಲ.

ಯಂತ್ರವನ್ನು ಕೋಣೆಯ ಮೂಲೆಯಲ್ಲಿ ಇಟ್ಟೆ. ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕಿನಲ್ಲಿ ಹನಿ ಪೆಟ್ರೋಲನ್ನೂ ಬಿಡಬಾರದು, ಅಂಟಾಗಿ ಕೂರುತ್ತದೆ. ಪ್ಲಗ್ ಬಿಚ್ಚಿ ಒಳಕ್ಕೆ ಒಂದಿಷ್ಟು ಎಣ್ಣೆ ಬಿಟ್ಟು ಆಗಾಗ ಕೈಯಿಂದ ತಿರುಗಿಸುತ್ತಿರಬೇಕು. ಆ ಎಣ್ಣೆಯನ್ನು ನಾನು ಗೊಟ್ಟದಲ್ಲೇ ಬಿಡುತ್ತಿದ್ದೆ. ಎತ್ತಿ ಹಿಡಿದಾಗಲೆಲ್ಲ ಎಮ್ಮೆ ಹಲ್ಲು ಕಚ್ಚಿ ತಲೆ ಒದರಿದ್ದು ಕಣ್ಣಿಗೆ ಬರುತ್ತಿತ್ತು.

ಆ ವರ್ಷಗಳ ಒಂದು ಆಯುಧಪೂಜೆಗೆ ಅಕ್ಕ ತನ್ನ ಕುಡುಗೋಲನ್ನೂ ತಂದು ನನ್ನ ಕೋಣೆಯಲ್ಲೇ ಇಟ್ಟಳು, ಒಂದೇ ಕಡೆ ಪೂಜೆಯಾಗಲಿ ಎಂದು. ಯಂತ್ರ, ಅದರ ಪಕ್ಕದಲ್ಲಿ ಸ್ಪ್ಯಾನರುಗಳು, ಎಣ್ಣೆ ಡಬ್ಬ, ಗೊಟ್ಟ. ಈಚೆಗೆ ಕುಡುಗೋಲು, ಹಗ್ಗ, ಎಮ್ಮೆಯ ಕೊರಳ ಗಂಟೆ. ಒಂದೊಂದಕ್ಕೂ ವಿಭೂತಿ, ಕುಂಕುಮ ಇಡುತ್ತಾ ಬಂದವಳು ಗೊಟ್ಟವನ್ನು ಎತ್ತಿಕೊಂಡು ಮೂಸಿದಳು.

“ಇನ್ನೂ ಓಗಿಲ್ಲ ಕಣ್ಲಾ.”

“ಓಗಲ್ಲ ಕಣಕ್ಕ. ಬಿದ್ರು ಕುಡ್ಕಂಬುಟ್ಟೈತೆ.”

“ಇರ್ಲಿ ಬುಡು. ಎಷ್ಟ್ ಕರ ಬದುಕ್ಸೈತೆ ಇದು,” ಎಂದು ಅದಕ್ಕೂ ಕುಂಕುಮ ಇಟ್ಟಳು. ಇಟ್ಟು, ತೆಗೆದ ಜಾಗಕ್ಕೆ ಹಿಂದಿರುಗಿಸದೆ ತನ್ನ ಕುಡುಗೋಲಿನ ಪಕ್ಕಕ್ಕೆ ಇಟ್ಟಳು. ಬೇಕೆಂದೇ ಇಟ್ಟಳೋ, ಕೈ ತಾನಾಗಿ ಹೋಯಿತೋ ನಾನು ಕೇಳಲಿಲ್ಲ.

ಹಬ್ಬ ಮುಗಿದು ಅವಳು ಕುಡುಗೋಲು ತೆಗೆದುಕೊಂಡು ಹೋಗುವಾಗ ಗೊಟ್ಟವನ್ನೂ ಅವಳ ಕೈಗೆ ಕೊಟ್ಟೆ. ಅವಳು ಬೇಡವೆನ್ನಲಿಲ್ಲ. ಮರುದಿನ ತಗಡಿನ ಕೆಲಸದವನ ಅಂಗಡಿಗೆ ಹೋಗಿ ಸೊಟ್ಟ ಮೂತಿಯ ಲಾಳಿಕೆ ಮಾಡಲು ಹೇಳಿದೆ. ಅವನಿಗೆ ನನ್ನ ನೆನಪಿತ್ತು. ನಾನು ಚೌಕಾಸಿಗೆ ಇಳಿಯುತ್ತೇನೆಂದು ಬೆಲೆಯನ್ನು ಏರಿಸಿಯೇ ಹೇಳಿದ. ಕೇಳಿದಷ್ಟನ್ನೂ ಕೊಟ್ಟು ಬಂದೆ.